ಪಹಣಿಯ ಒಂಬತ್ತನೇ ಕಾಲಂ: ಹೆಣ್ಣುಮಕ್ಕಳ ಭೂಮಿಹಕ್ಕಿನ ಮೊದಲ ಪಾಠ

ಈ ವಿಷಯಕ್ಕೆ ನೀವು ಹೊಸಬರಾಗಿದ್ದರೆ ಕಾನೂನಿನ ಪುಸ್ತಕದಿಂದ ಶುರು ಮಾಡುವುದು ಬೇಡ, ಒಂದು ಪಹಣಿಯಿಂದ ಶುರು ಮಾಡೋಣ. ಪಹಣಿ ಎಂದರೆ ಒಂದು ಹೊಲದ ಬಗ್ಗೆ ಸರ್ಕಾರ ಇಟ್ಟಿರುವ ದಾಖಲೆ. ಆರ್‌ಟಿಸಿ ಎಂಬುದೂ ಅದೇ. ಸರ್ವೆ ನಂಬರ್ ಗೊತ್ತಿದ್ದರೆ ಸಾಕು, ಯಾದಗಿರಿ, ಶಹಾಪುರ, ಸುರಪುರ ಎಲ್ಲಿಯ ನಾಡಕಚೇರಿಯಲ್ಲಾದರೂ ಸಣ್ಣ ಶುಲ್ಕ ಕಟ್ಟಿ ಅದನ್ನು ಪಡೆಯಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅಪ್ಪನ ಹೊಲದ ಪಹಣಿಯನ್ನು ಮಗಳು ತೆಗೆಸಬಹುದು, ಗಂಡನ ಹೊಲದ್ದನ್ನು ಹೆಂಡತಿ ತೆಗೆಸಬಹುದು.

ಹಾಳೆಯ ಮೇಲ್ಭಾಗದಲ್ಲಿ ಊರು, ಹೋಬಳಿ, ತಾಲ್ಲೂಕಿನ ಹೆಸರುಗಳಿವೆ. ಅದರ ಕೆಳಗೆ ಸರ್ವೆ ನಂಬರ್, ಹಿಸ್ಸಾ ನಂಬರ್, ವಿಸ್ತೀರ್ಣ. ಹಿಸ್ಸಾ ಎಂದರೆ ಒಂದೇ ಸರ್ವೆ ನಂಬರಿನೊಳಗೆ ಬೇರ್ಪಟ್ಟ ತುಂಡು. ವಿಸ್ತೀರ್ಣವನ್ನು ಎಕರೆ-ಗುಂಟೆಗಳಲ್ಲಿ ಬರೆದಿರುತ್ತಾರೆ, 40 ಗುಂಟೆಗೆ ಒಂದು ಎಕರೆ. ಈಗ 9ನೇ ಕಾಲಂ ನೋಡಿ. ಹೊಲ ಯಾರ ಹೆಸರಿನಲ್ಲಿದೆ ಎಂಬುದು ಅಲ್ಲಿದೆ. ಆ ಹೆಸರು ಅಲ್ಲಿಗೆ ಹೇಗೆ ಬಂತು, ಖರೀದಿಯಿಂದಲೋ ವಾಟ್ನಿಯಿಂದಲೋ ವಾರಸಾದಿಂದಲೋ ಎಂಬುದನ್ನು 10ನೇ ಕಾಲಂ ಹೇಳುತ್ತದೆ. ವಾಟ್ನಿ ಎಂದರೆ ಪಾಲು ವಿಂಗಡಣೆ. ವಾರಸಾ ಎಂದರೆ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಏರಿಸುವುದು, ಅದನ್ನೇ ಫೋತಿ ಎಂದೂ ಪೌತಿ ಖಾತೆ ಎಂದೂ ಹೇಳುತ್ತಾರೆ. ಹೊಲದ ಮೇಲಿನ ಸಾಲ, ಋಣಭಾರಗಳು 11ನೇ ಕಾಲಂನಲ್ಲಿವೆ. ಯಾರು ಸಾಗುವಳಿ ಮಾಡುತ್ತಿದ್ದಾರೆ, ಯಾವ ಬೆಳೆ ಎಂಬುದು 12ರಲ್ಲಿದೆ.

ನಿಮ್ಮೂರಿನ ಹತ್ತಾರು ಪಹಣಿಗಳನ್ನು ಹೀಗೆ ಓದುತ್ತ ಹೋಗಿ, 9ನೇ ಕಾಲಂನಲ್ಲಿ ಹೆಣ್ಣಿನ ಹೆಸರು ಎಷ್ಟು ಸಲ ಬರುತ್ತದೆ ಗಮನಿಸಿ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಭತ್ತದ ನಾಟಿ ಹಚ್ಚುವವರು ಯಾರು? ಖುಷ್ಕಿ ಹೊಲದಲ್ಲಿ, ಅಂದರೆ ಮಳೆಯನ್ನೇ ನಂಬಿದ ಹೊಲದಲ್ಲಿ, ಹತ್ತಿ ಬಿಡಿಸುವವರು, ಕಳೆ ತೆಗೆಯುವವರು, ಮೆಣಸಿನಕಾಯಿ ಹರಿಯುವವರು ಯಾರು? ಬಹುಪಾಲು ಹೆಂಗಸರೇ. ಆದರೆ 2015–16ರ ಕೃಷಿ ಗಣತಿಯ ಪ್ರಕಾರ ಇಡೀ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ನೂರಕ್ಕೆ ಸುಮಾರು 14 ಮಂದಿ ಮಾತ್ರ.

ಕಾಗದದ ಮೇಲೆ ಹೆಸರಿದ್ದರೆಷ್ಟು, ಬಿಟ್ಟರೆಷ್ಟು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಬೆಳೆಸಾಲ ಕೊಡುವಾಗ ಸಹಕಾರ ಸಂಘ ಪಹಣಿ ನೋಡುತ್ತದೆ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಹೆಸರಿದ್ದವರ ಖಾತೆಗೆ ಬೀಳುತ್ತದೆ. ಬೆಳೆ ಹಾನಿಯ ಪರಿಹಾರವೂ ಹಾಗೆಯೇ. ಸರ್ಕಾರ ಭೂಮಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡರಂತೂ ಮಾತೇ ಬೇರೆ. ಕೃಷ್ಣೆಯ ಅಣೆಕಟ್ಟು, ಕಾಲುವೆಗಳಿಗಾಗಿ ಈ ಸೀಮೆಯ ಹೊಲಗಳು ಹೋಗಿವೆ. ಯಾದಗಿರಿ ತಾಲ್ಲೂಕಿನ ಕಡೇಚೂರು–ಬಾಡಿಯಾಳದಲ್ಲಿ ಕೈಗಾರಿಕಾ ಪ್ರದೇಶಕ್ಕಾಗಿ ಸಾವಿರಾರು ಎಕರೆ ಹೋಗಿದೆ. ಇಂಥ ಕಡೆ ಪರಿಹಾರದ ನೋಟಿಸು ಮೊದಲು ಹುಡುಕುವುದು ಪಹಣಿಯಲ್ಲಿರುವ ಹೆಸರನ್ನು. ಹೊಲ ಹೋದ ಮೇಲೆ ಹಣವೂ ಹಂಚಿಹೋದರೆ, ಮಗಳು ಆಮೇಲೆ ಕೇಳುವುದಕ್ಕೆ ಉಳಿಯುವುದು ವ್ಯಾಜ್ಯ ಮಾತ್ರ.

ಮನೆಯೊಳಗಿನ ಬಾಳಿನ ಮೇಲೂ ಇದರ ಪರಿಣಾಮವಿದೆ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಆಸ್ತಿಯಿಲ್ಲದ ಹೆಂಗಸರಲ್ಲಿ ಶೇ. 49ರಷ್ಟು ಮಂದಿ ಗಂಡನಿಂದ ಹೊಡೆತ ತಿಂದವರು. ಜಮೀನು ಮಾತ್ರ ಉಳ್ಳವರಲ್ಲಿ ಶೇ. 18, ಜಮೀನೂ ಮನೆಯೂ ಎರಡೂ ಉಳ್ಳವರಲ್ಲಿ ಶೇ. 7. ಹೋಗಲು ಸ್ವಂತ ಜಾಗವಿದೆ ಎಂದಾಗ ಹೆಣ್ಣಿನ ಮಾತಿಗೂ ಮೌನಕ್ಕೂ ಬೆಲೆ ಬರುತ್ತದೆ.

ಈಗ ಬೇರಿಗೆ ಹೋಗೋಣ. ಪಾಲು ಎಂಬ ಕಲ್ಪನೆ ಎಲ್ಲಿಂದ ಬಂತು? ನಿಮಗೆ ಅಚ್ಚರಿಯಾಗಬಹುದು, ಭಾರತದ ಬಹುಭಾಗವನ್ನು ಆಳಿದ ಹಿಂದೂ ಆಸ್ತಿಶಾಸ್ತ್ರ ಹುಟ್ಟಿದ್ದು ನಮ್ಮ ಸೀಮೆಯ ನೆರೆಯಲ್ಲೇ. ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಎಂಬ ವಿದ್ವಾಂಸ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ'. ಪೂರ್ವಿಕರಿಂದ ಬಂದ ಕೂಡು ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ತಿರುಳು. ಹೀಗೆ ಹುಟ್ಟಿನಿಂದ ಪಾಲು ಪಡೆಯುವವರನ್ನು ಇಂದಿನ ಕಾನೂನು ಸಹದಾಯಾದಿಗಳು ಎನ್ನುತ್ತದೆ. ಮಗಳು ಆ ಸಾಲಿನಲ್ಲಿ ಇರಲಿಲ್ಲ.

ಅದೇ ವಿಜ್ಞಾನೇಶ್ವರ ಸ್ತ್ರೀಧನದ ವಿಷಯದಲ್ಲಿ ಉದಾರಿ. ಮದುವೆಯಲ್ಲಿ ಬಂದ ಉಡುಗೊರೆ ಮಾತ್ರವಲ್ಲ, ಹೆಣ್ಣಿಗೆ ವಾರಸಿನಿಂದ, ಪಾಲಿನಿಂದ, ಖರೀದಿಯಿಂದ ಬಂದದ್ದೂ ಸ್ತ್ರೀಧನವೇ ಎಂದು ಆತ ಬರೆದ. ಎಂಟು ಶತಮಾನಗಳ ಬಳಿಕ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ವಿಶಾಲ ಅರ್ಥವನ್ನು ಒಪ್ಪಲಿಲ್ಲ. ವಾರಸಿನಿಂದ ಬಂದ ಆಸ್ತಿಯನ್ನು ಹೆಣ್ಣು ಬದುಕಿರುವವರೆಗೆ ಅನುಭವಿಸಬಹುದು, ಮಾರುವಂತಿಲ್ಲ ಎಂಬ ಸೀಮಿತ ಹಕ್ಕೇ ಗಟ್ಟಿಯಾಯಿತು. 'ನಮ್ಮ ಸಂಪ್ರದಾಯದಲ್ಲಿ ಹೆಣ್ಣಿಗೆ ಆಸ್ತಿಯಿಲ್ಲ' ಎಂದು ಯಾರಾದರೂ ಒಂದೇ ಉಸಿರಿನಲ್ಲಿ ಹೇಳಿದರೆ ಈ ಸಂಗತಿಯನ್ನು ನೆನಪಿಡಿ. ಸಂಪ್ರದಾಯದೊಳಗೆ ಎರಡೂ ಮಾತುಗಳಿದ್ದವು. ನೋವಿನ ಇನ್ನೊಂದು ಸಂಗತಿಯೂ ಇದೆ. ಈ ಭಾಗದ ಹಳೆಯ ರೂಢಿಯಲ್ಲಿ ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ಬಸವಿ ಬಿಡುತ್ತಿದ್ದರು, ಅಂದರೆ ದೇವರಿಗೆ ಅರ್ಪಿಸುತ್ತಿದ್ದರು. ಮದುವೆಯಿಲ್ಲದೆ ತವರಲ್ಲೇ ಉಳಿದ ಅವಳಿಗೆ ಮಗನಂತೆ ಪಾಲು ಸಿಗುತ್ತಿತ್ತು. ಹೆಣ್ಣಿಗೆ ಪಾಲು ಕೊಡುವುದು ಹೇಗೆಂದು ಊರಿಗೆ ತಿಳಿಯದೆ ಇರಲಿಲ್ಲ, ಅದಕ್ಕಾಗಿ ಅವಳಿಂದ ಕೇಳಿದ ಬೆಲೆ ಮಾತ್ರ ಘೋರವಾಗಿತ್ತು.

ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳಿಗೆಂದು ಒಂದು ಕಾನೂನು ಮಾಡಿ ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಿಷ್ಟು ಪಾಲು ಕೊಟ್ಟಿತು. ಯಾದಗಿರಿ, ಶಹಾಪುರ, ಸುರಪುರ ಆಗ ನಿಜಾಮನ ಹೈದರಾಬಾದ್ ರಾಜ್ಯದಲ್ಲಿದ್ದವು, ಆ ಕಾನೂನು ಇಲ್ಲಿಗೆ ಬರಲಿಲ್ಲ. ಒಂದೇ ಭಾಷೆಯಾಡುವ ಹೆಣ್ಣುಮಕ್ಕಳು ಎರಡು ಆಡಳಿತಗಳ ಕೆಳಗೆ ಎರಡು ಬಗೆಯ ಹಕ್ಕಿನಲ್ಲಿ ಬದುಕಿದರು. 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆ ಈ ಅಂತರವನ್ನು ಅಳಿಸಿತು. ಅದೇ ವರ್ಷ ನವೆಂಬರ್ 1ರಂದು ಈ ಸೀಮೆ ಕನ್ನಡ ರಾಜ್ಯವನ್ನು ಸೇರಿತು.

ಆ ಕಾಯ್ದೆಯ 14ನೇ ಕಲಮು ಸೀಮಿತ ಹಕ್ಕನ್ನು ಪೂರ್ಣ ಒಡೆತನವಾಗಿ ಬದಲಿಸಿತು. ಗಂಡ ಸತ್ತ ಮೇಲೆ ಮೈದುನರು ಅನ್ನವಸ್ತ್ರಕ್ಕೆಂದು ಬಿಟ್ಟುಕೊಟ್ಟ ಎರಡೆಕರೆ ಹೊಲ ಅಜ್ಜಿಯೊಬ್ಬಳ ಬಳಿ ಇತ್ತು ಎಂದುಕೊಳ್ಳಿ. 'ಅದು ನಿನ್ನ ಜೀವ ಇರೋತನಕ ಅಷ್ಟೇ' ಎಂದು ಅವರು ಹೇಳಿದ್ದಿರಬಹುದು. ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಇಂಥ ಆಸ್ತಿ ಅವಳದೇ ಪೂರ್ಣ ಸ್ವತ್ತು ಎಂದು 1977ರಲ್ಲಿ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮಗಳ ವಿಷಯ ತಿಳಿಯಲು ಒಂದು ಲೆಕ್ಕ ಮಾಡೋಣ. ಅದಕ್ಕೆ ಮೊದಲು ಎರಡು ಪದ. ಅಜ್ಜ–ಮುತ್ತಜ್ಜರಿಂದ ಕೂಡುಕುಟುಂಬದಲ್ಲಿ ಇಳಿದು ಬಂದದ್ದು ಪಿತ್ರಾರ್ಜಿತ. ತಾನೇ ದುಡಿದು ಕೊಂಡದ್ದು ಸ್ವಯಾರ್ಜಿತ. ಈಗ ಒಬ್ಬ ರೈತನಿಗೆ 12 ಎಕರೆ ಪಿತ್ರಾರ್ಜಿತ ಹೊಲವಿದೆ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಲೆಕ್ಕ ಸರಳವಾಗಲೆಂದು ಹೆಂಡತಿ ಮೊದಲೇ ತೀರಿಕೊಂಡಿದ್ದಾಳೆ ಎಂದಿಟ್ಟುಕೊಳ್ಳಿ. 1956ರ ಮೂಲ ಕಾಯ್ದೆಯಂತೆ ಹುಟ್ಟಿನ ಹಕ್ಕು ಅಪ್ಪನಿಗೂ ಮಗನಿಗೂ ಮಾತ್ರ. ಆದ್ದರಿಂದ ಅಪ್ಪ ಸತ್ತಾಗ ಮೊದಲು ಅವನ 6 ಎಕರೆ, ಮಗನ 6 ಎಕರೆ ಎಂದು ಬೇರೆ ಮಾಡಬೇಕು. ಅಪ್ಪನ 6 ಎಕರೆ ಮೂರೂ ಮಕ್ಕಳಿಗೆ ಸಮ, ತಲಾ 2 ಎಕರೆ. ಕೊನೆಗೆ ಮಗನಿಗೆ 8 ಎಕರೆ, ಹೆಣ್ಣುಮಕ್ಕಳಿಗೆ ಎರಡೆರಡು. ಈಗಿನ ಕಾನೂನಿನಲ್ಲಿ ಮಗಳೂ ಹುಟ್ಟಿನಿಂದಲೇ ಸಹದಾಯಾದಿ. ಆದ್ದರಿಂದ ಮೂವರಿಗೂ ನಾಲ್ಕು ನಾಲ್ಕು ಎಕರೆ. ತಾಯಿ ಬದುಕಿದ್ದರೆ ಗಂಡನ ಪಾಲಿನಲ್ಲಿ ಅವಳಿಗೂ ಮಕ್ಕಳಷ್ಟೇ ಹಕ್ಕಿದೆ. ಅವಳು ಮತ್ತೆ ಮದುವೆಯಾದರೂ ಬಂದ ಪಾಲು ಹೋಗುವುದಿಲ್ಲ.

ಎರಡರಿಂದ ನಾಲ್ಕು ಎಕರೆಗೆ ಬರಲು ಅರ್ಧ ಶತಮಾನ ಹಿಡಿಯಿತು. ಕರ್ನಾಟಕ 1994ರ ಜುಲೈ 30ರಿಂದ ಮಗಳಿಗೆ ಹುಟ್ಟಿನ ಹಕ್ಕು ಕೊಟ್ಟಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ಕೆಲವು ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೆ ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಚಿಕ್ಕ ವಯಸ್ಸಿಗೇ ಮದುವೆ ಮಾಡುವ ನಮ್ಮ ಸೀಮೆಯಲ್ಲಿ ಈ ಒಂದು ಷರತ್ತು ಎಷ್ಟು ಜನರನ್ನು ಬಾಗಿಲಾಚೆ ನಿಲ್ಲಿಸಿತು ಎಂಬುದನ್ನು ನೀವೇ ಊಹಿಸಿ. ನೇಪಾಳವೂ 2002ರಲ್ಲಿ ಮಗಳಿಗೆ ಪಾಲು ಕೊಟ್ಟು, ಮದುವೆಯಾದರೆ ಹಿಂದಿರುಗಿಸಬೇಕು ಎಂದಿತ್ತು. ಅಲ್ಲಿ ಸಮಾನ ಹಕ್ಕು ಬಂದದ್ದು 2015ರ ಸಂವಿಧಾನದಿಂದ. ಬಾಂಗ್ಲಾದೇಶದ ಹಿಂದೂ ಹೆಣ್ಣುಮಕ್ಕಳಿಗೆ ನಮ್ಮ 1956ರಂಥ ಕಾಯ್ದೆಯೂ ದಕ್ಕಲಿಲ್ಲ. ಮಗಳು ಮದುವೆಯಾದೊಡನೆ ಪರರ ಮನೆಯವಳು ಎಂಬ ಎಣಿಕೆ ಗಡಿಗಳನ್ನು ದಾಟಿ ನಿಂತಿದೆ.

ನಮ್ಮಲ್ಲಿ ಅದನ್ನು ಕಾನೂನಿನಿಂದ ತೆಗೆದುಹಾಕಿದ್ದು 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ. ಮದುವೆಯಾಗಿರಲಿ, ಆಗದಿರಲಿ, ಮಗಳು ಮಗನಿಗೆ ಸಮ. ಅಲ್ಲಿಗೂ ತಕರಾರು ಮುಗಿಯಲಿಲ್ಲ. ಆ ದಿನ ಅಪ್ಪ ಬದುಕಿರಬೇಕೇ? ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರ ಫೆಬ್ರವರಿ 1ರಂದು ಬೇರೊಂದು ದಿಕ್ಕಿನ ತೀರ್ಪು ಬಂತು. ವಕೀಲರು ದಾನಮ್ಮ ಪ್ರಕರಣ ಎನ್ನುವ ಅದು ನಮ್ಮ ರಾಜ್ಯದಿಂದಲೇ ಹೋದದ್ದು, ಅದರ ತಲೆಬರಹದಲ್ಲಿ ಸುರಪುರದ ಹೆಸರೇ ಅಡ್ಡಹೆಸರಾಗಿ ನಿಂತಿದೆ. ಅಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದ. ಹೆಣ್ಣುಮಕ್ಕಳು 1956ಕ್ಕಿಂತ ಮೊದಲು ಹುಟ್ಟಿದವರೆಂದು ಕೆಳಗಿನ ನ್ಯಾಯಾಲಯ ಪಾಲು ನಿರಾಕರಿಸಿತ್ತು. ಸುಪ್ರೀಂ ಕೋರ್ಟ್ ಆ ಇಬ್ಬರು ಹೆಣ್ಣುಮಕ್ಕಳಿಗೂ ತಲಾ ಐದರಲ್ಲೊಂದು ಪಾಲು ಕೊಟ್ಟಿತು. ಎರಡು ತೀರ್ಪುಗಳ ನಡುವಿನ ಗೊಂದಲ ಬಗೆಹರಿದದ್ದು 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ. ಹಕ್ಕು ಹುಟ್ಟಿನಿಂದ ಬರುವುದರಿಂದ ಅಪ್ಪ ಆ ದಿನ ಬದುಕಿರಬೇಕಿಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು.

ಎರಡು ಮಿತಿಗಳನ್ನು ಮರೆಯಬೇಡಿ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಾಟ್ನಿಯನ್ನು ಈ ಕಾನೂನು ಕೆದಕುವುದಿಲ್ಲ. 'ಆಗಲೇ ಬಾಯಿಮಾತಿನಲ್ಲಿ ಪಾಲಾಗಿದೆ' ಎಂಬ ವಾದವನ್ನು ಮಾತ್ರ ನ್ಯಾಯಾಲಯ ಸುಲಭವಾಗಿ ಒಪ್ಪದು. ಇನ್ನೊಂದು, ಸ್ವಯಾರ್ಜಿತವನ್ನು ಅಪ್ಪ ಮರಣಶಾಸನ ಬರೆದು ಯಾರಿಗೆ ಬೇಕಾದರೂ ಕೊಡಬಹುದು, ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನೂ ಹಾಗೆ ಕೊಡಬಹುದು. ಅದನ್ನು ಬರೆಯದೆ ಸತ್ತರಷ್ಟೇ ಆ ಭಾಗ ಮಕ್ಕಳಿಗೆ ಸಮನಾಗಿ ಹೋಗುತ್ತದೆ.

ಇಷ್ಟೆಲ್ಲ ಹಕ್ಕಿದ್ದೂ 9ನೇ ಕಾಲಂ ಏಕೆ ಬದಲಾಗಿಲ್ಲ? ನಾನು ಹೆಚ್ಚು ಹೊತ್ತು ನಿಲ್ಲಬೇಕೆನಿಸುವುದು ಇಲ್ಲಿ. ಅಪ್ಪ ಸತ್ತ ಕೆಲವು ತಿಂಗಳಿಗೆ ಅಣ್ಣ ತಂಗಿಯ ಊರಿಗೆ ಬರುತ್ತಾನೆ. 'ತಹಶೀಲಿಗೆ ಹೋಗಿ ಒಂದು ಸಹಿ ಮಾಡಿ ಬರೋಣ ನಡಿ' ಎನ್ನುತ್ತಾನೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳು ಹೆಬ್ಬೆಟ್ಟು ಒತ್ತುವ ಕಾಗದ ಹಕ್ಕು ಬಿಡುಗಡೆ ಪತ್ರ. ತನ್ನ ಪಾಲನ್ನು ಅಣ್ಣನಿಗೆ ಬಿಟ್ಟಿದ್ದೇನೆ ಎಂಬ ಬರಹ. ಅದು ನೋಂದಣಿಯಾದರೆ ಮುಗಿಯಿತು, ಮೋಸವಾಗಿದೆ ಎಂದು ಸಾಬೀತು ಮಾಡುವ ಹೊರೆ ಆಮೇಲೆ ಅವಳ ಮೇಲೆಯೇ.

ಅವಳು ತಿಳಿಯದೆ ಒತ್ತಿದಳು ಎಂದುಕೊಳ್ಳಬೇಡಿ. ಅನೇಕರು ತಿಳಿದೇ ಒತ್ತುತ್ತಾರೆ. ನಾಗರಪಂಚಮಿಗೆ ಕರೆಯಲು ಬರುವವನು ಅಣ್ಣ. ಬಸುರಿ ಬಾಣಂತನಕ್ಕೆ, ಗಂಡನ ಮನೆಯಲ್ಲಿ ಬಾಳು ಕೆಟ್ಟಾಗ, ಮಳೆ ಕೈಕೊಟ್ಟು ಗಂಡ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದಾಗ ಉಳಿಯುವುದು ತವರೊಂದೇ. ಪಾಲು ಕೇಳಿದರೆ ಆ ಬಾಗಿಲು ಮುಚ್ಚೀತು ಎಂಬ ಭಯಕ್ಕೆ ಕಾರಣವಿದೆ. ನಾಲ್ಕು ಎಕರೆಯನ್ನು ಒಂದು ಕಡೆ, ವರ್ಷಕ್ಕೊಮ್ಮೆ ಉಡಿ ತುಂಬಿಸಿಕೊಂಡು ಬರುವ ನಂಟನ್ನು ಇನ್ನೊಂದು ಕಡೆ ಇಟ್ಟು ತೂಗಿ ಅವಳು ಸಹಿ ಮಾಡುತ್ತಾಳೆ. ಹಾಗಾಗಿ ಕಾನೂನು ಕಲಿಸುವವರು ಅವಳ ಅಂಜಿಕೆಯನ್ನು ಅಜ್ಞಾನ ಎಂದು ಬಗೆಯುವುದು ಅನ್ಯಾಯ ಎಂದೇ ನನ್ನ ಅನಿಸಿಕೆ. 'ಮದುವೆಯಲ್ಲಿ ಬಂಗಾರ ಹಾಕಿಲ್ಲವೇ, ಖರ್ಚು ಮಾಡಿಲ್ಲವೇ' ಎಂಬ ಮಾತಿಗೆ ಮಾತ್ರ ನೇರ ಉತ್ತರವಿದೆ. ಬಂಗಾರ ಹೋದದ್ದು ಬಹುಪಾಲು ಅತ್ತೆಮನೆಯ ಕೈಗೆ, ವರದಕ್ಷಿಣೆ 1961ರಿಂದಲೇ ಅಪರಾಧ, ಅದು ಪಾಲಿಗೆ ಬದಲಿ ಎಂದು ಯಾವ ಕಾನೂನೂ ಹೇಳುವುದಿಲ್ಲ.

ಇದಕ್ಕೊಂದು ನಡುದಾರಿಯಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಹೊಲ ತುಂಡು ಮಾಡಲೇಬೇಕೆಂದಿಲ್ಲ. ವಾರಸಾ ಮಾಡಿಸುವಾಗ ತಾಯಿ, ಅಣ್ಣತಮ್ಮ, ಅಕ್ಕತಂಗಿಯರೆಲ್ಲರ ಹೆಸರನ್ನೂ 9ನೇ ಕಾಲಂನಲ್ಲಿ ಜಂಟಿಯಾಗಿ ಏರಿಸಬಹುದು. ಅಣ್ಣ ಉತ್ತು ಬಿತ್ತಿಕೊಂಡಿರಲಿ. ಹೊಲ ಮಾರುವಾಗ, ಸಾಲಕ್ಕೆ ಒತ್ತೆಯಿಡುವಾಗ, ಪರಿಹಾರ ಬಂದಾಗ ಅವಳನ್ನು ಕೇಳದೆ ನಡೆಯದು.

ಇದುವರೆಗೆ ಹೇಳಿದ್ದು ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುವವರ ಮಾತು. ಅದರಲ್ಲಿ ಲಿಂಗಾಯತರು, ಜೈನರು, ಬೌದ್ಧರು, ಲಂಬಾಣಿಗರು ಸೇರಿದಂತೆ ಪರಿಶಿಷ್ಟ ಜಾತಿಯ ಹಿಂದೂಗಳು ಎಲ್ಲರೂ ಬರುತ್ತಾರೆ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಗಳಿಗೆ ಮಗನ ಅರ್ಧದಷ್ಟು, ಮಕ್ಕಳಿರುವ ವಿಧವೆಗೆ ಎಂಟರಲ್ಲೊಂದು. ಹುಟ್ಟಿನ ಹಕ್ಕು ಅಲ್ಲಿಲ್ಲ, ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಆಸ್ತಿಯನ್ನು ಮರಣಶಾಸನದಿಂದ ಹೊರಗೆ ಕೊಡುವಂತಿಲ್ಲವಾದ್ದರಿಂದ ಮಗಳ ಪಾಲನ್ನು ಮರಣಶಾಸನ ಬರೆದು ಪೂರ್ತಿ ತಪ್ಪಿಸಲಾಗದು.

ಸುರಪುರದವರಾದರೆ ನೀವು ಇನ್ನೊಂದು ಸಂಗತಿ ತಿಳಿಯಲೇಬೇಕು. ಇಲ್ಲಿ ನಾಯಕ ಸಮುದಾಯ ದೊಡ್ಡದು, ಅದು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ, ವಿಧಾನಸಭಾ ಕ್ಷೇತ್ರವೂ ಆ ಪಂಗಡಕ್ಕೆ ಮೀಸಲು. 1956ರ ಕಾಯ್ದೆಯ 2ನೇ ಕಲಮಿನ ಎರಡನೇ ಉಪಕಲಮು, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಇದು ಅನ್ವಯವಾಗದು ಎನ್ನುತ್ತದೆ. ಬುಡಕಟ್ಟುಗಳ ರೂಢಿಯನ್ನು ಕಾಪಾಡಲೆಂದು ಇಟ್ಟ ಈ ಮಾತು ಹೆಣ್ಣುಮಕ್ಕಳಿಗೆ ಅಡ್ಡಿಯಾಗಿ ನಿಂತಿದೆ. ಇದನ್ನು ಬದಲಿಸುವ ಬಗ್ಗೆ ಯೋಚಿಸಿ ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿತು. 2025ರ ಜುಲೈ 17ರಂದು ಛತ್ತೀಸಗಡದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ, ಹೆಣ್ಣಿಗೆ ಪಾಲಿಲ್ಲ ಎಂಬ ರೂಢಿಯನ್ನು ಎದುರು ಪಕ್ಷ ಸಾಬೀತು ಮಾಡದಿದ್ದಾಗ ಸಮಾನತೆಯ ತತ್ವದಂತೆ ಆ ಮನೆಯ ಮಗಳ ವಾರಸುದಾರರಿಗೆ ಸಮಪಾಲು ಕೊಟ್ಟಿತು. ಆದ್ದರಿಂದ 'ನಮಗೆ ಆ ಕಾಯ್ದೆ ಇಲ್ಲ' ಎಂದು ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ಅದನ್ನೇ ಕೊನೆಯ ಮಾತೆಂದು ಒಪ್ಪಬೇಡಿ, ವಕೀಲರನ್ನು ಕೇಳಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೂ ನಡೆಯುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಯಾದಗಿರಿಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲ್ಲೂಕು ನ್ಯಾಯಾಲಯಗಳಲ್ಲಿ ಅದರ ಸಮಿತಿಗಳಿವೆ, ಸಹಾಯವಾಣಿ 15100. ಹೋಗುವಾಗ ಪಹಣಿ, ಅಪ್ಪನ ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ಸಿಕ್ಕರೆ ಹಳೆಯ ಮ್ಯುಟೇಶನ್ ಪ್ರತಿ ಇವಿಷ್ಟನ್ನು ಒಯ್ಯಿರಿ. ಮ್ಯುಟೇಶನ್ ಎಂದರೆ ಪಹಣಿಯಲ್ಲಿ ಹೆಸರು ಬದಲಾದ ಆದೇಶದ ದಾಖಲೆ. ಅಣ್ಣನ ಹೆಸರೊಂದೇ ಈಗಾಗಲೇ ಏರಿದ್ದರೂ ಧೈರ್ಯಗೆಡಬೇಡಿ. ಪಹಣಿ ಒಂದು ಪುರಾವೆಯಷ್ಟೇ, ಪಾಲು ಯಾರದೆಂದು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಆದರೆ ತಡಮಾಡಬೇಡಿ, ದಾವೆಗೆ ಕಾಲಮಿತಿಯಿದೆ.

ವಾರಸಾದ ಅರ್ಜಿ ಇನ್ನೂ ನಡೆಯುತ್ತಿದ್ದರೆ ತಲಾಠಿಯ ಬಳಿ, ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಯ ಬಳಿ, ಅರ್ಜಿಯ ಜೊತೆಗಿಟ್ಟ ವಂಶವೃಕ್ಷವನ್ನು ಕೇಳಿ ನೋಡಿ. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಬರೆದ ವಂಶವೃಕ್ಷಗಳು ಅಲ್ಲಿ ಸಿಗುತ್ತವೆ. ನಿಮ್ಮ ಹೆಸರು ಬಿಟ್ಟಿದ್ದರೆ ನೋಟಿಸಿನ ಅವಧಿ ಮುಗಿಯುವುದರೊಳಗೆ ಒಂದು ಬಿಳಿ ಹಾಳೆಯಲ್ಲಿ ಆಕ್ಷೇಪಣೆ ಬರೆದು ಕೊಡಿ, ಸ್ವೀಕರಿಸಿದ್ದಕ್ಕೆ ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. ಆ ಒಂದು ಹಾಳೆ ಸೇರಿದ ಕೂಡಲೇ ಅರ್ಜಿ ತಕರಾರಿನ ಪ್ರಕರಣವಾಗುತ್ತದೆ. ಎರಡೂ ಕಡೆಯವರನ್ನು ಕರೆದು ಕೇಳದೆ ಆಮೇಲೆ ಯಾರ ಹೆಸರನ್ನೂ ಏರಿಸುವಂತಿಲ್ಲ.